ಪುಕ್ಕಟೆ ಫ್ಯಾನು ಸಾಲುತ್ತದೆಯೇ

ಕಂಪ್ಯೂಟರ್ ರಿಪೇರಿಯಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿಲ್ಲ. ಬೀದಿ ಯಾಕೆ, ಈ ಬೀದಿ ಹೋಗಿ ಸೇರುವ ದೊಡ್ಡ ರಸ್ತೆಯಲ್ಲೂ ಇಲ್ಲ. ಆ ರಸ್ತೆ ಎಲ್ಲಿಗೆ ಹೋಗುತ್ತದೋ ನನಗೆ ಗೊತ್ತಿಲ್ಲ, ಆದರೆ ಅಲ್ಲಿಯೂ ಇರಲಾರರು. ಸತ್ತು ಸುಣ್ಣವಾದ ಯಂತ್ರಗಳು ನನ್ನ ಸ್ಕ್ರೂಡ್ರೈವರ್ ಕಂಡರೆ ಸಾಕು, ನಾಚಿಕೊಂಡು ತಾವಾಗಿಯೇ ಎದ್ದು ಕೂರುತ್ತವೆ. ಒಮ್ಮೆ ಒಬ್ಬ ಹೆಂಗಸು ಕೆಟ್ಟ ಕಂಪ್ಯೂಟರನ್ನು ಗಾಡಿಯಲ್ಲಿ ಹಾಕಿಕೊಂಡು ಬರುತ್ತಿದ್ದಾಗ ಅದು ನನ್ನ ಅಂಗಡಿಯ ಬೋರ್ಡು ನೋಡಿಯೇ ಸರಿಹೋಯಿತು. ಆಕೆ ಗಾಡಿ ಇಳಿಯಲೂ ಇಲ್ಲ, ಹಾಗೇ ತಿರುಗಿಸಿಕೊಂಡು ಹೋದಳು. ನಂಬುವವರು ನಂಬಲಿ.

ಇಂಥ ನನ್ನನ್ನು ಜನ ದಿನಕ್ಕೆ ಲಕ್ಷ ಸಲ ಕೇಳುವ ಪ್ರಶ್ನೆ ಒಂದೇ. ಪ್ರೊಸೆಸರ್ ಕೊಂಡರೆ ಅದರ ಡಬ್ಬಿಯೊಳಗೇ ಒಂದು ಕೂಲರ್ ಪುಕ್ಕಟೆ ಬರುತ್ತದೆ. ಅಂಗೈಯಗಲದ ಅಲ್ಯೂಮಿನಿಯಂ ಬಿಲ್ಲೆ, ಅದರ ನೆತ್ತಿಯ ಮೇಲೊಂದು ಸಣ್ಣ ಫ್ಯಾನು. ಪ್ರೊಸೆಸರಿನ ಬಿಸಿಯನ್ನು ಬಿಲ್ಲೆ ಹೀರಿಕೊಳ್ಳಬೇಕು, ಫ್ಯಾನು ಅದನ್ನು ಊದಿ ಓಡಿಸಬೇಕು. ಇದು ಸಾಲುತ್ತದೆಯೇ, ಬೇರೆ ದೊಡ್ಡದು ಹಾಕಿಸಬೇಕೇ? ಮದುವೆಗೆ ಗಂಡು ನೋಡುವವರೂ ಇಷ್ಟು ಚಿಂತೆ ಮಾಡುವುದಿಲ್ಲ. ನಾನು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ ತೀರ್ಪು ಕೊಡುತ್ತೇನೆ: ನೀವು ಪತ್ರ ಟೈಪು ಮಾಡಿ, ಸಿನಿಮಾ ನೋಡಿ, ಇಸ್ಪೀಟು ಆಡುವವರಾದರೆ ಅದು ಧಾರಾಳವಾಗಿ ಸಾಲುತ್ತದೆ. ಯಂತ್ರವನ್ನು ಗಾಣದ ಎತ್ತಿನಂತೆ ಬಿಡುವಿಲ್ಲದೆ ದುಡಿಸುವವರಾದರೆ ಮಾತ್ರ ಬೇರೆ ಬೇಕು. ಈ ತೀರ್ಪನ್ನು ಇದುವರೆಗೆ ಯಾರೂ ಪ್ರಶ್ನಿಸಿಲ್ಲ, ಯಮನೂ ಪ್ರಶ್ನಿಸಲಾರ.

ಈ ಪ್ರಶ್ನೆಗೆ ನನ್ನ ನಾಲಗೆ ತೊದಲಿದ್ದು ಒಬ್ಬರ ಎದುರಿಗೆ ಮಾತ್ರ. ಅವರು ನನ್ನ ಅಕ್ಕನ ಗಂಡ.

ಭಾವನದು ಬೀಗದ ಕೆಲಸ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದಷ್ಟು ಜಾಗದಲ್ಲಿ ಅವರ ಅಂಗಡಿ. ಗೋಡೆ ತುಂಬ ಕೀಲಿಕೈಗಳು, ಮೂಲೆಯಲ್ಲಿ ಕೀಲಿ ಕೊರೆಯುವ ಯಂತ್ರ, ಅದರ ಕೆಳಗೆ ಹಿತ್ತಾಳೆಯ ಪುಡಿಯ ಗುಡ್ಡೆ. ನಾನು ಬಡಾಯಿಗಾರ ಎಂದು ಜನ ಆಡಿಕೊಳ್ಳುತ್ತಾರೆ, ಆದರೆ ಭಾವನ ವಿಷಯದಲ್ಲಿ ಬಡಾಯಿಯ ಅಗತ್ಯವೇ ಇಲ್ಲ. ಅವರು ಕೆಮ್ಮಿದರೆ ಪಕ್ಕದ ಮನೆಯ ಕಪಾಟು ತೆರೆದುಕೊಳ್ಳುತ್ತದೆ. ಕೀಲಿ ಕಳೆದುಕೊಂಡವರು ಕರೆದರೆ ದೊಡ್ಡ ಗೊಂಚಲು ಹಿಡಿದು ಹೋಗುತ್ತಾರೆ. ಒಂದು ಹಾಕಿ ನೋಡುತ್ತಾರೆ, ತೆಗೆಯುತ್ತಾರೆ. ಇನ್ನೊಂದು ಹಾಕಿ ನೋಡುತ್ತಾರೆ, ತೆಗೆಯುತ್ತಾರೆ. ಅವಸರವಿಲ್ಲ, ಬೇಸರವಿಲ್ಲ. ಅವರನ್ನು ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಕಾಯಿಸಿದ ಬೀಗ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಅವರ ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡಬೇಕು. ತಿಜೋರಿ ರಿಪೇರಿಗೆ ಹೋದಾಗ ಮನೆಯ ಯಜಮಾನ ನಂಬರು ತಿರುಗಿಸಲು ಬಗ್ಗಿದ ಕೂಡಲೇ ಭಾವ ಮುಖವನ್ನು ಗೋಡೆಗೆ ತಿರುಗಿಸಿಬಿಡುತ್ತಾರೆ. "ನೋಡ್ಕೊಳ್ರೀ, ಪರವಾಗಿಲ್ಲ" ಎಂದರೂ ತಿರುಗುವುದಿಲ್ಲ. ಅವರಪ್ಪ ಕಲಿಸಿದ್ದು ಅದು. ಪರರ ನಂಬರು ನೋಡಿದ ಬೀಗದವನಿಗೆ ಕೈ ನಡುಗುತ್ತದೆ ಎಂದು ಅವರ ನಂಬಿಕೆ. ನಲವತ್ತು ವರ್ಷ ಹೀಗೆ ತಿರುಗಿಸಿ ತಿರುಗಿಸಿ ಅವರ ಕುತ್ತಿಗೆಯ ಎಡಭಾಗ ಸವೆದಿದೆ ಎಂದು ಅಕ್ಕ ನಗುತ್ತಿದ್ದಳು.

ಅಕ್ಕ ಟೈಪಿಂಗ್ ಕಲಿಸುತ್ತಿದ್ದಳು. ಅವಳ ಬೆರಳುಗಳ ವೇಗ ಹೇಳಿದರೆ ನೀವು ನನ್ನನ್ನು ಹೊಡೆಯಲು ಬರುತ್ತೀರಿ. ಜನ ಬಾಯಿ ತೆರೆಯುವ ಮೊದಲೇ ಅವರು ಆಡಲಿರುವ ಮಾತು ಹಾಳೆಯ ಮೇಲಿರುತ್ತಿತ್ತು. ನನಗೆ 'ಬುರುಡೆ' ಎಂದು ಹೆಸರಿಟ್ಟವಳೂ ಅವಳೇ. ನಾನು ಏನು ಹೇಳಿದರೂ ಅಲ್ಲಿ ಕೂತವರ ಕಡೆ ತಿರುಗಿ, "ನನ್ನ ತಮ್ಮನ ಮಾತನ್ನ ಹತ್ತರಿಂದ ಭಾಗಿಸ್ಕೊಳ್ಳಿ, ಆಗ ನಿಜ ಸಿಗುತ್ತೆ" ಅನ್ನುತ್ತಿದ್ದಳು. ಮನೆಯಲ್ಲಿ ಅದು ಕಾನೂನೇ ಆಗಿಹೋಯಿತು.

ಅವಳಿಗೆ ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನೇ. ಟೈಪು ಮಾಡುವ ಯಂತ್ರ, ಅದಕ್ಕೇಕೆ ದೊಡ್ಡ ಕೂಲರ್ ಎಂದು ಡಬ್ಬಿಯಲ್ಲಿ ಬಂದ ಪುಕ್ಕಟೆ ಫ್ಯಾನನ್ನೇ ಕೂರಿಸಿದ್ದೆ. ಅದು ಸರಿಯಾದ ತೀರ್ಮಾನವೇ. ಈಗ ಕೇಳಿದರೂ ಅದನ್ನೇ ಕೂರಿಸುತ್ತೇನೆ.

ಕಾಯಿಲೆ ಬಂದು ಹಾಸಿಗೆ ಹಿಡಿಯುವ ಮೊದಲು ಅಕ್ಕ ಮಧ್ಯಾಹ್ನದ ಹೊತ್ತು, ಭಾವ ಅಂಗಡಿಯಲ್ಲಿದ್ದಾಗ, ಆ ಕಂಪ್ಯೂಟರಿನ ಮುಂದೆ ಮೈಕು ಇಟ್ಟುಕೊಂಡು ಮಾತಾಡುತ್ತಿದ್ದಳಂತೆ. ಏನು ಮಾತು ಎಂದು ಯಾರಿಗೂ ಹೇಳಲಿಲ್ಲ. ವಾರಗಟ್ಟಲೆ ಮಾತಾಡಿದ್ದನ್ನೆಲ್ಲ ಒಂದೇ ಫೈಲಿಗೆ ಸೇರಿಸಿ, ಆಸ್ಪತ್ರೆಗೆ ಹೊರಡುವ ದಿನ ಅದಕ್ಕೆ ಪಾಸ್‌ವರ್ಡ್ ಹಾಕಿದಳು. ಭಾವ ಬಟ್ಟೆಯ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಇದು ನಿಮಗೇ. ನಾನು ಹೋದಮೇಲೆ ಕೇಳಿ. ಈಗಲೇ ಕೇಳಿದ್ರೆ ನೀವು ಅಳ್ತೀರಿ, ನನಗೆ ನಗು ಬರುತ್ತೆ. ಅದಕ್ಕೇ ಬೀಗ ಹಾಕ್ತಿದೀನಿ. ಇಲ್ನೋಡಿ, ಪಾಸ್‌ವರ್ಡ್ ನೋಡ್ಕೊಳ್ಳಿ."

ಅಕ್ಕ ಟೈಪು ಮಾಡಲು ಬಗ್ಗಿದಳು. ಭಾವ ಮುಖವನ್ನು ಗೋಡೆಗೆ ತಿರುಗಿಸಿದರು.

"ನೋಡ್ಕೊಂಡ್ರಾ?"

"ಹೂಂ" ಅಂದರು. ಯಾವ ಮನೆಯಲ್ಲಾದರೂ, ಯಾವ ತಿಜೋರಿಯ ಮುಂದಾದರೂ ಅವರು ಅನ್ನುವುದು ಅದನ್ನೇ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಎಲ್ಲ ಮುಗಿದು, ಬಂದ ನೆಂಟರು ಹೋದಮೇಲೆ, ಭಾವ ಆ ಕಂಪ್ಯೂಟರನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನನ್ನ ಅಂಗಡಿಗೆ ಬಂದರು.

"ಬುರುಡೆ, ಒಂದು ಬೀಗ ತೆಗೀಬೇಕಲ್ಲೋ."

"ನೀವು ನನ್ನ ಹತ್ರ ಬೀಗ ತೆಗ್ಸೋಕೆ ಬಂದ್ರಾ ಭಾವ? ಈ ಬೋರ್ಡ್ ಇಳಿಸಿ ನಿಮ್ಮದೇ ಬರೆಸ್ಬೇಕು ಹಾಗಾದ್ರೆ."

ಅವರು ನಗಲಿಲ್ಲ. ನಡೆದದ್ದನ್ನು ಹೇಳಿದರು.

"ಒಂದಕ್ಷರನೂ ನೋಡ್ಲಿಲ್ವಾ?"

"ನೋಡ್ಲಿಲ್ಲ. ಆದ್ರೆ ಕೇಳಿಸ್ಕೊಂಡೆ." ಅವರ ಮುಖದಲ್ಲಿ ಕಸುಬುದಾರನ ಹೆಮ್ಮೆ ಮಿನುಗಿತು. "ಇಪ್ಪತ್ತೆರಡು ಸಲ ಟಕ್ ಅಂತು. ಮಳೆ ಬಿದ್ದ ಹಾಗೆ ಹೊಡೆದ್ಲು, ಆದ್ರೂ ನನ್ನ ಕಿವಿ ತಪ್ಪಲ್ಲ. ಇಪ್ಪತ್ತೆರಡೇ. ನಮ್ಮಲ್ಲಿ ಬೀಗದ ಒಳಗೆ ಎಷ್ಟು ಪಿನ್ ಇವೆ ಅಂತ ಗೊತ್ತಾದ್ರೆ ಅರ್ಧ ಬೀಗ ತೆಗೆದ ಹಾಗೆ ಕಣೋ."

ನನ್ನ ಕೈಲಿದ್ದ ಟೀ ಲೋಟ ಹಾಗೇ ನಿಂತಿತು. ಅವರ ಕಸುಬಿನಲ್ಲಿ ಅದು ಅರ್ಧ ಬೀಗ. ನನ್ನ ಕಸುಬಿನಲ್ಲಿ ಆ ಇಪ್ಪತ್ತೆರಡು ಎನ್ನುವುದು ಬಾಗಿಲನ್ನೇ ಕಿತ್ತು ಆ ಜಾಗಕ್ಕೆ ಬೆಟ್ಟ ಇಟ್ಟ ಹಾಗೆ. ಐದೋ ಆರೋ ಅಂದಿದ್ದರೆ ನಾನು ಅಂಗಡಿಯ ಮುಂದೆ ಕುಣಿದುಬಿಡುತ್ತಿದ್ದೆ.

ಮೊದಲು ಊಹೆಯ ಪದಗಳನ್ನೆಲ್ಲ ಹಾಕಿ ನೋಡಿದೆವು. ಭಾವ, ನಾನು, ಅಕ್ಕನ ಮಗಳು ಮೂವರೂ ಸಾಲಾಗಿ ಕೂತು. ಅಕ್ಕನ ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು, ಅವಳ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ. ಮನೆಯವರ ಹೆಸರು, ಮನೆಯವರಿಗೆ ಇಟ್ಟ ಅಡ್ಡಹೆಸರು, ಟೈಪಿಂಗ್ ತರಗತಿಯಲ್ಲಿ ಹೊಡೆಸುತ್ತಿದ್ದ ವಾಕ್ಯಗಳು, ಹಿಂದೆ ಸಾಕಿದ್ದ ಬೆಕ್ಕು, ಆ ಬೆಕ್ಕು ಮುರಿದ ಹೂದಾನಿ. ಅಕ್ಕ ಭಾವನಿಗೆ ಬೈಯುತ್ತಿದ್ದ ಮಾತುಗಳನ್ನೂ ಬಿಡಲಿಲ್ಲ. ಭಾವ ಒಂದೊಂದನ್ನೇ ನೆನೆದು ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. ಅಷ್ಟು ಬೈಗಳನ್ನು ಒಬ್ಬ ಗಂಡಸು ಅಷ್ಟು ಪ್ರೀತಿಯಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಯಾವುದೂ ತೆರೆಯಲಿಲ್ಲ.

"ಹಾಗಾದ್ರೆ ಗೊಂಚಲು ತರೋದೇ ಸರಿ" ಅಂದರು ಭಾವ. "ಒಂದೊಂದಾಗಿ ಎಲ್ಲಾ ಅಕ್ಷರನೂ ಹಾಕಿ ನೋಡೋ ಪ್ರೋಗ್ರಾಮ್ ಇರುತ್ತಂತಲ್ಲ?"

ಇರುತ್ತದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವರ ಮನೆಯ ನಡುಕೋಣೆಯಲ್ಲಿ, ಅಕ್ಕ ಕೂರುತ್ತಿದ್ದ ಮೇಜಿನ ಮೇಲೆ ಯಂತ್ರವಿಟ್ಟು ಆ ಪ್ರೋಗ್ರಾಮ್ ಶುರು ಮಾಡಿಕೊಟ್ಟೆ. ಪರದೆಯ ಮೇಲೆ ಅಕ್ಷರಗಳು ಸರಸರನೆ ಓಡಿದವು. ಒಂದು ಹಾಕಿ ನೋಡುತ್ತದೆ, ತೆಗೆಯುತ್ತದೆ. ಇನ್ನೊಂದು ಹಾಕಿ ನೋಡುತ್ತದೆ, ತೆಗೆಯುತ್ತದೆ. ಒಂದು ಸೆಕೆಂಡಿಗೆ ಸಾವಿರಾರು. ಭಾವ ನೋಡಿದರು, ನೋಡಿದರು, ಕೊನೆಗೆ ಯಂತ್ರದ ಬೆನ್ನು ತಟ್ಟಿದರು.

"ನಮ್ಮ ಕಸುಬೇ ಇದು. ಕೈ ಸ್ವಲ್ಪ ಚುರುಕು, ಅಷ್ಟೇ."

ಪುಕ್ಕಟೆ ಫ್ಯಾನು ಅಂದು ಬಾಯಿ ತೆರೆದದ್ದು ಮುಚ್ಚಲಿಲ್ಲ. ಪತ್ರ ಟೈಪು ಮಾಡುವಾಗ ಉಸಿರಾಡುವುದೂ ಕೇಳಿಸದಿದ್ದ ಅದು ಈಗ ವಿಮಾನ ಏರುವ ಹಾಗೆ ಕಿರುಚತೊಡಗಿತು. ಓಣಿಯ ನಾಯಿಗಳು ಮನೆ ಬದಲಿಸಿದವು. ನಡುಕೋಣೆಯಲ್ಲಿ ಒಗೆದ ಬಟ್ಟೆ ಹರವಿದರೆ ಹಿಂಡುವ ಮೊದಲೇ ಒಣಗುತ್ತಿತ್ತು. ಭಾವ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ ಯಂತ್ರದ ಮೈಮೇಲೆ ಅಂಗೈ ಇಟ್ಟಿರುತ್ತಿದ್ದರು.

ಬೆಳಿಗ್ಗೆ ಎದ್ದರೆ ನನ್ನ ಅಂಗಡಿಗೆ ಬಂದು ಅದೇ ಪ್ರಶ್ನೆ.

"ಆ ಫ್ಯಾನು ಸಾಲುತ್ತೇನೋ?"

"ಸಾಲುತ್ತೆ ಭಾವ. ಬಿಸಿ ಜಾಸ್ತಿಯಾದ್ರೆ ಪ್ರೊಸೆಸರ್ ತಾನೇ ನಿಧಾನ ಮಾಡ್ಕೊಳ್ಳುತ್ತೆ. ಸುಡಲ್ಲ."

"ನಿಧಾನ ಮಾಡುತ್ತಾ? ಹಾಗಾದ್ರೆ ತಡ ಆಗುತ್ತಲ್ಲ."

ಒಂದು ದಿನ ಧೈರ್ಯ ಮಾಡಿದೆ. ಲೋಕದ ಅತಿ ಧೈರ್ಯಶಾಲಿಗಳ ಸಾಲಿನಲ್ಲಿ ಎರಡನೆಯವನೋ ಮೂರನೆಯವನೋ ಆಗಿರುವ ನಾನು, ನೆಲ ನೋಡುತ್ತಾ ಹೇಳಿದೆ. "ಭಾವ, ಫ್ಯಾನಿನ ಮಾತು ಬಿಡಿ. ಇದು ತೆರೆಯಲ್ಲ."

"ಎಷ್ಟು ದಿನ ಹಿಡಿಯುತ್ತೆ ಅಂತ ಹೇಳು, ಸಾಕು."

"ದಿನದ ಲೆಕ್ಕ ಅಲ್ಲ. ಸೂರ್ಯ ಇದ್ದಾನಲ್ಲ, ಅವನು ಉರಿದು ಉರಿದು ಆರಿಹೋಗ್ತಾನೆ. ಆಮೇಲೆ ಇನ್ನೊಬ್ಬ ಸೂರ್ಯ ಹುಟ್ಟಿ ಅವನೂ ಆರಿಹೋಗ್ತಾನೆ. ಹೀಗೆ ಕೋಟಿಗಟ್ಟಲೆ ಸೂರ್ಯರು ಒಬ್ಬರಾದ ಮೇಲೊಬ್ಬರು ಆರಿದ್ರೂ ಇದು ಮುಗಿದಿರಲ್ಲ."

ಅಕ್ಕ ಹೋದಮೇಲೆ ಭಾವ ಮೊದಲ ಸಲ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡರು.

"ಅಲ್ಲಯ್ಯಾ, ನಿಮ್ಮಕ್ಕ ಸತ್ರೂ ನೀನು ಸುಧಾರಿಸಲಿಲ್ಲ. ಹತ್ತರಿಂದ ಭಾಗಿಸಬೇಕು ಅಂತಿದ್ಲು. ಇದನ್ನ ಹತ್ತರಿಂದ ಭಾಗಿಸಿದ್ರೂ ಸಾಲಲ್ಲ. ಹೋಗ್ಲಿ, ಭಾಗಿಸ್ತಾ ಭಾಗಿಸ್ತಾ ಈ ವರ್ಷದ ಕೊನೆ ಅಂತ ಇಟ್ಕೋತೀನಿ."

ನನ್ನ ಜೀವಮಾನದಲ್ಲಿ ಉಪ್ಪು ಖಾರ ಹಚ್ಚದೆ ಆಡಿದ ಮಾತು ಅದೊಂದೇ. ಹಚ್ಚಲು ಜಾಗವೂ ಇರಲಿಲ್ಲ. ಕೂತವರೆಲ್ಲ ನಗುವ ಹಾಗೆ ಹುಲಿ ಹೊಡೆದ ಕತೆ ಹೇಳಿ ಅಭ್ಯಾಸವಾದವನ ಮುಂದೆ ನಿಜವಾದ ಹುಲಿ ಬಂದು ನಿಂತಿತ್ತು. ನಾನು ಅದನ್ನು ತೋರಿಸುತ್ತಿದ್ದೆ, ಅವರು ಬಾಲ ಎಷ್ಟುದ್ದ ಎಂದು ಚೌಕಾಸಿ ಮಾಡುತ್ತಿದ್ದರು.

ಮಾರನೆಯ ವಾರ ಅಕ್ಕನ ಮಗಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಂದಳು. ಬಂದವಳೇ ನನ್ನ ಎದುರಿಗಿದ್ದ ಯಂತ್ರದ ಮೇಲೆ ಬ್ಯಾಗಿಟ್ಟು, "ಮಾಮ, ಒಂದು ಸುಳ್ಳು ಬೇಕಿತ್ತು" ಅಂದಳು.

"ಸುಳ್ಳಿಗೆ ನನ್ನ ಹತ್ರ ಯಾಕೆ ಬಂದೆ? ನಾನು ಹೇಳಿದವನೇ ಅಲ್ಲ."

"ತಮಾಷೆ ಬೇಡ. ಅಪ್ಪ ಅಂಗಡಿ ತೆಗೆದು ಎಷ್ಟು ದಿನ ಆಯ್ತು ಗೊತ್ತಾ? ಮೆಟ್ಟಿಲ ಕೆಳಗೆ ಜನ ಬಂದು ಬೀಗ ಹಾಕಿದ್ದು ನೋಡ್ಕೊಂಡು ಹೋಗ್ತಿದಾರೆ. ಬೆಳಿಗ್ಗೆ ಒಂದ್ಸಲ ನಿನ್ನ ಹತ್ರ ಓಡಿಬಂದು ಹೋಗೋದು ಬಿಟ್ರೆ ಅಪ್ಪ ಸ್ಟೂಲು ಬಿಟ್ಟು ಏಳಲ್ಲ. ಊಟದ ತಟ್ಟೆನೂ ಅಲ್ಲಿಗೇ. ತೆರೆಯೋ ಹೊತ್ತಿಗೆ ತಾನು ಎದುರಿಗೆ ಇರಬೇಕಂತೆ. ನನಗೂ ಗೊತ್ತು ಮಾಮ, ಅದು ತೆರೆಯಲ್ಲ ಅಂತ."

"ನಾನು ಹೇಳಿದೆ. ನಕ್ಕುಬಿಟ್ರು."

"ನೀನು ಹೇಳಿದ್ರೆ ನಗದೆ ಇನ್ನೇನು ಮಾಡ್ತಾರೆ. ಅದಕ್ಕೇ ಬೇರೆ ಹೇಳು. ಫ್ಯಾನು ಸಾಲಲ್ಲ, ಹೀಗೇ ಓಡಿಸಿದ್ರೆ ಯಂತ್ರ ಸುಟ್ಟು ಅಮ್ಮನ ಫೈಲೂ ಹೋಗುತ್ತೆ ಅಂತ ಹೇಳು. ಆ ಭಯಕ್ಕಾದ್ರೂ ಆರಿಸ್ತಾರೆ."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಸಂಜೆ ಅವರ ಮನೆಗೆ ಹೋದೆ. ಭಾವ ಸ್ಟೂಲಿನ ಮೇಲೆ, ಅಂಗೈ ಯಂತ್ರದ ಮೇಲೆ. ನಾನು ಮುಖ ಬಾಡಿಸಿಕೊಂಡು, ಡಾಕ್ಟರುಗಳು ಹೊರಗೆ ಬಂದು ಹೇಳುವ ದನಿಯಲ್ಲಿ ಹೇಳಿದೆ. "ಭಾವ, ನಾನು ತಪ್ಪು ತಿಳ್ಕೊಂಡಿದ್ದೆ. ಈ ಫ್ಯಾನು ಸಾಲಲ್ಲ. ಹೀಗೇ ಬಿಟ್ರೆ ಹತ್ತೇ ದಿನ, ಸುಟ್ಟು ಕರಕಲಾಗುತ್ತೆ. ಒಳಗಿರೋದೂ ಹೋಗುತ್ತೆ. ಆರಿಸಿಬಿಡಿ."

ಭಾವನ ಮುಖ ಬಿಳಿಚಿತು. ಅವರ ತುಟಿ ಅಲುಗಿತು. ಏನೋ ಲೆಕ್ಕ ಹಾಕುತ್ತಿದ್ದರು.

"ಹತ್ತು ದಿನ ಅಂದ್ಯಾ?"

"ಹತ್ತೇ."

"ಹತ್ತರಿಂದ ಭಾಗಿಸಿದ್ರೆ ಒಂದು. ಅಂದ್ರೆ ನಾಳೆ." ಅವರು ಎದ್ದೇ ನಿಂತರು. ವಾರಗಳಾದ ಮೇಲೆ ಆ ಸ್ಟೂಲು ಸಂಜೆಯ ಬೆಳಕು ಕಂಡಿತು. "ನಿನ್ನ ಅಂಗಡೀಲಿ ದೊಡ್ಡದು ಇದೆಯಾ? ಇಲ್ದಿದ್ರೆ ಎಲ್ಲಿ ಸಿಗುತ್ತೆ? ನಡಿ, ಅಂಗಡಿ ಮುಚ್ಚೋದ್ರೊಳಗೆ ಹೋಗೋಣ."

ಅಕ್ಕನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಗಾಜು ಕೂರಿಸುವವರ ನೋಟ, ಚರ್ಮ ದಾಟಿ ಹೋಗುತ್ತದೆ. ನನ್ನನ್ನು ಅವಳು ಒಂದು ಸುಳ್ಳು ಕೇಳಿದ್ದಳು. ಅದನ್ನೂ ನೆಟ್ಟಗೆ ಹೇಳಲಾಗಲಿಲ್ಲ.

ದೊಡ್ಡ ಕೂಲರ್ ಬಂತು. ಅದೇನು ಕೂಲರೋ ಗೋಪುರವೋ. ಒಂದಡಿಯ ಮೇಲೆ ಒಂದಡಿ, ನಡುವೆ ತಾಮ್ರದ ಕೊಳವೆಗಳು, ಎರಡೂ ಮಗ್ಗುಲಲ್ಲಿ ಫ್ಯಾನು. ಅದರ ತುದಿಯಲ್ಲಿ ನಿಂತರೆ ಸಮುದ್ರ ಕಾಣುತ್ತಿತ್ತು. ಹಳೆಯ ಪುಕ್ಕಟೆ ಫ್ಯಾನನ್ನು ಬಿಚ್ಚಿದೆ. ಬಿಲ್ಲೆಯ ಸಂದುಗಳಲ್ಲಿ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು, ಅದರಲ್ಲಿ ಒಂದೆರಡು ಉದ್ದನೆಯ ಕೂದಲೂ ಇದ್ದವು. ಭಾವ ಅವನ್ನು ಬಿಡಿಸಿ ತೆಗೆದು ಕಾಗದದಲ್ಲಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ನೋಡಲಿಲ್ಲ ಎಂಬಂತೆ ಪ್ರೊಸೆಸರಿನ ಮೇಲೆ ಒಣಗಿದ್ದ, ಬಿಸಿಯನ್ನು ಬಿಲ್ಲೆಗೆ ದಾಟಿಸುವ ಪೇಸ್ಟು ಒರೆಸುತ್ತಿದ್ದೆ. ಹೊಸ ಪೇಸ್ಟು ಬಟಾಣಿ ಕಾಳಿನಷ್ಟು ಹಚ್ಚಿ ಗೋಪುರ ಕೂರಿಸಿದೆ. ಅದು ಎಷ್ಟು ಎತ್ತರವೆಂದರೆ ಪೆಟ್ಟಿಗೆಯ ಪಕ್ಕದ ತಗಡು ಮುಚ್ಚಲಾಗಲಿಲ್ಲ. ಹಾಗೇ ತೆರೆದಿಟ್ಟೆ. ನಿಲ್ಲಿಸಿದ ಕಡೆಯಿಂದಲೇ ಪ್ರೋಗ್ರಾಮ್ ಮುಂದುವರಿಯಿತು.

ಸದ್ದು ನಿಂತುಹೋಯಿತು. ಅಷ್ಟು ದಿನ ಕಿರುಚುತ್ತಿದ್ದ ನಡುಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಬಿಸಿ ಇಳಿಯಿತು, ವೇಗ ಏರಿತು.

"ಎಷ್ಟು ಏರಿತು?"

"ಮೊದಲಿಗಿಂತ ಕಾಲುಭಾಗ ಜಾಸ್ತಿ ಭಾವ."

"ಹಾಗಾದ್ರೆ ಐದು ದಿನದ ಕೆಲಸ ನಾಲ್ಕು ದಿನಕ್ಕೆ ಆಯ್ತು ಅನ್ನು. ಸಣ್ಣ ಮಾತಾ ಅದು?"

"ಸಣ್ಣ ಮಾತಲ್ಲ" ಅಂದೆ. ಐದು ಸೂರ್ಯರ ಜಾಗದಲ್ಲಿ ನಾಲ್ಕು ಸೂರ್ಯರು ಆರಿದರೆ ಸಾಕು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವರು ಮತ್ತೆ ನಗುತ್ತಿದ್ದರು, ಆ ನಗುವನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ.

ಆಮೇಲೆ ಭಾವ ನನ್ನ ಅಂಗಡಿಗೆ ಬರುವುದು ನಿಂತಿತು. ಕೂಲರಿನ ಪ್ರಶ್ನೆ ಮುಗಿಯಿತು, ಇನ್ನೇನು ಕೇಳುವುದಿದೆ ಎಂದುಕೊಂಡೆ. ಒಂದೂವರೆ ತಿಂಗಳಾದ ಮೇಲೆ ಅವರೇ ಫೋನು ಮಾಡಿದರು. "ಸಂಜೆ ಬಾ. ಸ್ಕ್ರೂಡ್ರೈವರ್ ತಗೊಂಡು ಬಾ."

ಹೋದಾಗ ಅವರು ಮೇಜಿನ ಮುಂದೆ ಕೂತಿದ್ದರು. ಅಂಗೈ ಯಂತ್ರದ ಮೇಲಿರಲಿಲ್ಲ, ತೊಡೆಯ ಮೇಲಿತ್ತು. ಅಕ್ಕನ ಮಗಳು ಲೋಟದಲ್ಲಿ ಟೀ ತಂದು ಇಟ್ಟು ಒಳಗೆ ಹೋದಳು.

"ಹೊಸ ಕೀಲಿ ಕೊರೆದ್ರೆ ಮೊದಲು ಹಳೇ ಬೀಗಕ್ಕೆ ಹಾಕಿ ನೋಡ್ತೀವಿ" ಅಂದರು ಭಾವ. "ಈ ಪ್ರೋಗ್ರಾಮನ್ನ ನಾನು ಹಾಗೆ ಪರೀಕ್ಷೆ ಮಾಡಿರ್ಲಿಲ್ಲ. ಸುಮ್ನೆ ನಂಬಿದ್ದೆ. ಅದಕ್ಕೇ ಮಗಳ ಹತ್ರ ಕೇಳಿ, ಇದನ್ನ ಸ್ವಲ್ಪ ನಿಲ್ಲಿಸಿ, ನಾನೇ ಒಂದು ಫೈಲ್ ಮಾಡಿದೆ. ಮೂರಕ್ಷರದ ಬೀಗ ಹಾಕಿದೆ. ಬಿಟ್ಟೆ. ಕಣ್ಣು ಮಿಟುಕಿಸೋದ್ರೊಳಗೆ ತೆಗೀತು."

"ತೆಗೆಯುತ್ತೆ."

"ನಾಲ್ಕು ಹಾಕಿದೆ. ಟೀ ಸೋಸಿ ಬರೋ ಹೊತ್ತಿಗೆ ತೆಗೆದಿತ್ತು. ಖುಷಿಯಾಯ್ತು. ಐದು ಹಾಕಿದೆ. ಸ್ನಾನ ಮುಗಿಸಿ, ಊಟ ಮಾಡಿ ಕೈ ತೊಳೆಯೋವರೆಗೂ ಹಿಡೀತು. ಇರ್ಲಿ ಅಂತ ಆರು ಹಾಕಿದೆ. ಆ ದಿನ ಪೂರ್ತಿ ತೆಗೀಲಿಲ್ಲ. ಮಾರನೇ ದಿನ ತೆಗೀತು."

ಅವರು ಟೀ ಮುಟ್ಟಿರಲಿಲ್ಲ.

"ಏಳು?" ಅಂದೆ. ಉತ್ತರ ನನಗೆ ಗೊತ್ತಿತ್ತು.

"ಏಳನ್ನ ಹಾಕಿ ಕಾದೆ. ಹೆಚ್ಚುಕಮ್ಮಿ ಒಂದು ತಿಂಗಳು. ನೆನ್ನೆ ತೆಗೀತು. ಎಂಟು ಹಾಕ್ಲಿಲ್ಲ." ಅವರು ಪರದೆ ನೋಡುತ್ತಿದ್ದರು. ಅದರ ಮೇಲೆ ಅಕ್ಕನ ಫೈಲಿನ ಅಕ್ಷರಗಳು ಮತ್ತೆ ಓಡುತ್ತಿದ್ದವು. "ಇಂಗ್ಲಿಷಲ್ಲಿ ಇರೋದು ಇಪ್ಪತ್ತಾರು ಅಕ್ಷರ, ಅಂದ್ರೆ ಒಂದಕ್ಷರ ಜಾಸ್ತಿ ಆದ್ರೆ ಇಪ್ಪತ್ತಾರು ಪಟ್ಟು ಆಗುತ್ತೆ, ಅಲ್ವಾ? ಎಂಟಕ್ಕೆ ಎರಡು ವರ್ಷ. ಒಂಬತ್ತಕ್ಕೆ ನಾನಿರಲ್ಲ. ಹತ್ತಕ್ಕೆ ಈ ಮನೆ ಇರಲ್ಲ. ಮುಂದಕ್ಕೆ ಹೋಗ್ಲಿಲ್ಲ ನಾನು."

ಬುರುಡೆಯ ಬಾಯಿ ಬಂದಾದದ್ದನ್ನು ಕೇಳಿದ್ದರೆ ಅಕ್ಕ ಮೂರು ಊರಿಗೆ ಸಿಹಿ ಹಂಚುತ್ತಿದ್ದಳು.

"ನೀನು ಸೂರ್ಯನ ಮಾತು ಹೇಳಿದ್ಯಲ್ಲ, ಅದನ್ನ ಭಾಗಿಸಬಾರದಿತ್ತು."

"ಭಾಗಿಸಬಾರದಿತ್ತು ಭಾವ."

"ಹೂಂ." ಅವರು ತಣ್ಣಗಾದ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಅವಳು ನೋಡ್ಕೊಳ್ಳಿ ಅಂದಾಗ ನಾನು ಯಾಕೋ ತಿರುಗಿದೆ? ಅದು ನನ್ನದೇ ಮನೆ. ನನ್ನದೇ ತಿಜೋರಿ."

ಉತ್ತರವಿಲ್ಲದ ಪ್ರಶ್ನೆ ನನ್ನ ಅಂಗಡಿಯಲ್ಲಿ ಯಾರೂ ಕೇಳಿಲ್ಲ ಎಂದು ನಾನು ಜಂಬ ಕೊಚ್ಚುತ್ತಿದ್ದದ್ದು ಅಲ್ಲಿಗೆ ಮುಗಿಯಿತು.

"ಆರಿಸ್ಲಾ?" ಅಂದೆ ಮೆತ್ತಗೆ.

"ಬೇಡ." ಅವರು ಮೇಜಿನ ಡ್ರಾಯರ್ ಎಳೆದರು. ಹಳೆಯ ಪುಕ್ಕಟೆ ಫ್ಯಾನು ಅಲ್ಲಿತ್ತು, ಬಟ್ಟೆಯಲ್ಲಿ ಸುತ್ತಿ. ಧೂಳೆಲ್ಲ ತೆಗೆದು ಹಿತ್ತಾಳೆಯ ಕೀಲಿಯ ಹಾಗೆ ತಿಕ್ಕಿ ಹೊಳೆಸಿದ್ದರು. "ಇದನ್ನ ವಾಪಸು ಹಾಕು."

"ಇದನ್ನಾ? ನಿಧಾನ ಆಗುತ್ತಲ್ಲ."

"ಆಗ್ಲಿ. ಇನ್ನು ಆ ಲೆಕ್ಕ ಯಾಕೆ. ಆ ದೊಡ್ಡದು ಸದ್ದೇ ಮಾಡಲ್ಲ ಕಣೋ. ಮನೇಲಿ ಯಾರೂ ಇಲ್ಲದ ಹಾಗಿರುತ್ತೆ. ಇದಾದ್ರೆ ಒಳಗೆ ಯಾರೋ ಕೆಲಸ ಮಾಡ್ತಿದಾರೆ ಅನ್ಸುತ್ತೆ. ನಾನು ಅಂಗಡಿಯಿಂದ ಬಂದಾಗ ಓಣಿಯಿಂದಲೇ ಕೇಳಿಸುತ್ತೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಂಗಡಿಯಿಂದ ಬಂದಾಗ ಎಂದದ್ದನ್ನು ಅಕ್ಕನ ಮಗಳೂ ಕೇಳಿಸಿಕೊಂಡಿರಬೇಕು. ಮೆಟ್ಟಿಲ ಕೆಳಗಿನ ಬೀಗ ಮತ್ತೆ ತೆರೆಯುತ್ತದೆ ಎಂದಾಯಿತು. ಅದರಿಂದ ಯಾರಿಗೂ ಸಂತೋಷವಾದ ಹಾಗೆ ಕಾಣಲಿಲ್ಲ.

ಯಂತ್ರ ಆರಿಸಿದೆ. ಗೋಪುರ ಬಿಚ್ಚಿದೆ, ಪೇಸ್ಟು ಒರೆಸಿದೆ, ಹೊಸದು ಹಚ್ಚಿದೆ, ಪುಕ್ಕಟೆ ಫ್ಯಾನಿನ ನಾಲ್ಕು ಕಾಲುಗಳನ್ನು ಒತ್ತಿ ಕೂರಿಸಿದೆ. ಪಕ್ಕದ ತಗಡು ಈಗ ಸರಿಯಾಗಿ ಮುಚ್ಚಿಕೊಂಡಿತು.

"ಸಾಲುತ್ತೇನೋ ಅದು?" ಭಾವ ಕೇಳಿದರು. ಈ ಸಲ ದನಿಯಲ್ಲಿ ಆತುರವಿರಲಿಲ್ಲ.

"ಎಷ್ಟು ದಿನಕ್ಕೆ?"

"ನನ್ನ ಮಟ್ಟಿಗೆ."

ಲೋಕದ ಎಲ್ಲ ಪ್ರೊಸೆಸರುಗಳ ನಾಡಿ ಬಲ್ಲವನು ನಾನು. ಅಂಥ ಫ್ಯಾನು ಹೀಗೆ ಓಡಿದರೆ ಐದಾರು ವರ್ಷ. ನೂರು ವರ್ಷ ಎಂದು ಹೇಳಲು ಬಾಯಿ ತೆರೆದೆ. ಅವರು ಹತ್ತರಿಂದ ಭಾಗಿಸಿದರೂ ಹತ್ತು ಉಳಿಯಲಿ ಎಂದು.

"ಸಾಲುತ್ತೆ ಭಾವ" ಅಂದೆ, ಅಷ್ಟೇ.

ಅವರು ಭಾಗಿಸಲಿಲ್ಲ.

ಯಂತ್ರ ಹಚ್ಚಿದೆ. ಫ್ಯಾನು ಮೊದಲು ಗೊರಗೊರ ಎಂದು, ಆಮೇಲೆ ದನಿ ಹಿಡಿಯಿತು. ಪರದೆಯ ಮೇಲೆ ಒಳಹೋಗುವ ಪಾಸ್‌ವರ್ಡ್ ಕೇಳಿತು. ಇದು ಅಕ್ಕನ ಫೈಲಿನದಲ್ಲ, ಬರೀ ಯಂತ್ರದ್ದು. ಜೋಡಿಸಿದಾಗ ನಾನೇ ಇಟ್ಟದ್ದು. ಇಷ್ಟು ದಿನ ಮಗಳು ಹಾಕಿಕೊಡುತ್ತಿದ್ದಳು.

"ಇದನ್ನ ನೀವೂ ಕಲ್ತುಕೊಳ್ಳಿ. ಕರೆಂಟು ಹೋಗಿ ಬಂದ್ರೆ ಮತ್ತೆ ಕೇಳುತ್ತೆ. ಮಗಳು ಕೆಲಸಕ್ಕೆ ಹೋದಾಗ ನೀವೇ ಹಾಕ್ಬೇಕು. ನಿಧಾನಕ್ಕೆ ಹೊಡೀತೀನಿ, ನೋಡ್ಕೊಳ್ಳಿ."

ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದೆ, ಒಂದನ್ನು ಒತ್ತಿ ಕಾದು ಇನ್ನೊಂದು. ಒತ್ತಿ ಮುಗಿಸಿ ಪಕ್ಕಕ್ಕೆ ನೋಡಿದೆ. ಭಾವನ ಮುಖ ಗೋಡೆಯ ಕಡೆಗಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಇತ್ತ ತಿರುಗಲು ಅವರು ಪಟ್ಟ ಪ್ರಯತ್ನವೆಲ್ಲ ಆ ನರದಲ್ಲಿ ಕಾಣುತ್ತಿತ್ತು.

"ನೋಡ್ಕೊಂಡ್ರಾ ಭಾವ?"

"ಆರು" ಅಂದರು ಗೋಡೆಗೆ. ಸ್ವಲ್ಪ ತಡೆದು, "ಹೂಂ" ಅಂದರು.